ಅರ್ಧ ಗಂಟೆಗೊಮ್ಮೆ ಒತ್ತುವ ಗುಂಡಿ

ನಮ್ಮ ದೊಡ್ಡಪ್ಪನ ಪ್ರಕಾರ ವಿದ್ಯಾರಣ್ಯಪುರಂನ ನಮ್ಮ ಮನೆ ಯಾವ ಕ್ಷಣದಲ್ಲಾದರೂ ಮುಳುಗಬಹುದು! ಮೈಸೂರಿನಲ್ಲಿ ಸಮುದ್ರ ಎಲ್ಲಿದೆ ಎಂದು ಕೇಳಬೇಡಿ. ಮೂವತ್ತು ವರ್ಷ ಸರಕು ಹಡಗುಗಳ ಎಂಜಿನ್ ಕೋಣೆಯಲ್ಲಿ ಬೆವರು ಸುರಿಸಿ ಬಂದವರಿಗೆ ಸಂಪಿನ ನೀರು ಒಂದಿಂಚು ಏರಿದರೂ ಗಾಬರಿ. ಮೋಟರಿನ ಬಿಸಿ, ಸದ್ದು ಎಲ್ಲವನ್ನೂ ದಿನಕ್ಕೆ ನಾಲ್ಕು ಸಲ ಪುಸ್ತಕದಲ್ಲಿ ಬರೆಯುತ್ತಿದ್ದರು. ಕುಕ್ಕರ್ ಎಷ್ಟು ಸಲ ಕೂಗಿತು ಎಂಬುದನ್ನೂ ಬರೆದರು ಎಂದರೆ ನಂಬುತ್ತೀರಾ?

ಹಡಗಿನಲ್ಲಿ ಒಂದು ಏರ್ಪಾಡು ಇದೆಯಂತೆ. ಎಂಜಿನ್ ಕೋಣೆಗೆ ಒಬ್ಬನೇ ಇಳಿದವನು ಅರ್ಧ ಗಂಟೆಗೊಮ್ಮೆ ಒಂದು ಗುಂಡಿ ಒತ್ತುತ್ತಿರಬೇಕು. ಒತ್ತದಿದ್ದರೆ ಮೇಲೆ ಗಂಟೆ ಹೊಡೆದುಕೊಳ್ಳುತ್ತದೆ. ಅವನಿಗೇನೋ ಆಯಿತೆಂದು ಎಲ್ಲರೂ ಓಡುತ್ತಾರೆ. ದೊಡ್ಡಮ್ಮನಿಗೆ ಹೃದಯದ ತೊಂದರೆ ಕಾಣಿಸಿಕೊಂಡದ್ದೇ ತಡ, ದೊಡ್ಡಪ್ಪ ಉದಯಗಿರಿಯ ಮೆಕ್ಯಾನಿಕ್ ಒಬ್ಬನನ್ನು ಹಿಡಿದು ಅದನ್ನೇ ಮಾಡಿಸಿದರು. ಗುಂಡಿ ಅಡುಗೆಮನೆಯಲ್ಲಿ. ಗಂಟೆ ಮಹಡಿಯಲ್ಲಿ, ನನ್ನ ಕೋಣೆಯ ಬಾಗಿಲ ಮೇಲೆ!

"ನಾನು ಸತ್ತಿಲ್ಲ ಅಂತ ಅರ್ಧ ಗಂಟೆಗೊಂದ್ಸಲ ನಿಮ್ಗೆ ಅರ್ಜಿ ಹಾಕ್ಬೇಕೇನ್ರೀ?" ಎಂದು ದೊಡ್ಡಮ್ಮ ರೇಗುತ್ತಿದ್ದರು. ಮರೆಯುತ್ತಲೂ ಇದ್ದರು. ಒಂದು ಬೆಳಿಗ್ಗೆ ಗಂಟೆ ಹೊಡೆದಾಗ ದೊಡ್ಡಪ್ಪ ಮುಖದ ಸೋಪಿನ ನೊರೆ ಸಮೇತ ಮೆಟ್ಟಿಲಿಳಿದು ಓಡಿದರು. ದೊಡ್ಡಮ್ಮ ಗೇಟಿನ ಬಳಿ ಸೊಪ್ಪಿನವಳೊಂದಿಗೆ ಚೌಕಾಸಿಯಲ್ಲಿದ್ದರು. "ಇನ್ನೂ ಇದೀನಿ ಕಣ್ರೀ, ಹೋಗಿ ಇನ್ನೊಂದು ಕೆನ್ನೆ ಬೋಳಿಸ್ಕೊಳ್ಳಿ!"

ದೊಡ್ಡಪ್ಪ ಹೊರಗೆ ಹೋದರೆ ಕಾವಲು, ಅವರ ಭಾಷೆಯಲ್ಲಿ 'ವಾಚ್', ನನ್ನದು. "ವಾಚ್ ತಗೊಂಡೆ" ಎಂದು ನಾನು ಬಾಯಿಬಿಟ್ಟು ಹೇಳುವವರೆಗೆ ಚಪ್ಪಲಿ ಮೆಟ್ಟುತ್ತಿರಲಿಲ್ಲ. ಹಡಗಿನ ಕಾನೂನಂತೆ!

ಒಂದು ಮಧ್ಯಾಹ್ನ ಮೋಟರಿಗೆ ವಾಷರ್ ತರಲು ಹೊರಟರು. "ತಗೊಂಡೆ, ಹೋಗಿ ದೊಡ್ಡಪ್ಪ" ಎಂದೆ. ರಾತ್ರಿ ಪಾಳಿ ಮುಗಿಸಿ ಬಂದಿದ್ದೆ. ದೊಡ್ಡಮ್ಮ ಹೇಗೂ ಮರೆಯುತ್ತಾರೆ, ನಿದ್ದೆ ಹಾಳಾಗುತ್ತದೆ ಎಂದು ಬಾಗಿಲ ಮೇಲಿನ ಗಂಟೆಗೆ ಬಟ್ಟೆ ತುರುಕಿ ಮಲಗಿಬಿಟ್ಟೆ.

ಎಚ್ಚರವಾದದ್ದು ದೊಡ್ಡಪ್ಪನ ಕೂಗಿಗೆ. ದೊಡ್ಡಮ್ಮ ಅಡುಗೆಮನೆಯ ನೆಲದ ಮೇಲಿದ್ದರು. ಆ ಕ್ಷಣವೇ ಯಾರು ಓಡಿಬಂದಿದ್ದರೂ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಅದನ್ನು ನಂಬಲು ನನಗೆ ಇಂದಿಗೂ ಆಗಿಲ್ಲ. ಕಾರ್ಯವೆಲ್ಲ ಮುಗಿದ ಮೇಲೆ ನೋಡಿದರೆ, ಗಂಟೆಯಲ್ಲಿದ್ದ ಬಟ್ಟೆ ಒಗೆದು ಮಡಿಸಿ ನನ್ನ ದಿಂಬಿನ ಮೇಲಿತ್ತು.

ಈಗ ಗುಂಡಿ ಒತ್ತುವವರು ದೊಡ್ಡಪ್ಪನೇ. ಒಂದು ಸಲವೂ ಗಂಟೆ ಹೊಡೆದಿಲ್ಲ. ಆದರೂ ಹಗಲು ನನಗೆ ನಿದ್ದೆ ಹತ್ತುವುದಿಲ್ಲ. ನಿನ್ನೆ ತಡೆಯಲಾರದೆ ಕೆಳಗಿಳಿದೆ. ದೊಡ್ಡಪ್ಪ ಅಡುಗೆಮನೆಯ ಸ್ಟೂಲಿನ ಮೇಲೆ ಗಡಿಯಾರ ನೋಡುತ್ತ ಕುಳಿತಿದ್ದರು.

"ದೊಡ್ಡಪ್ಪ, ಅವತ್ತು ಗಂಟೆಗೆ ಬಟ್ಟೆ..." ಎಂದೆ.

ಅವರು ಗುಂಡಿ ಒತ್ತಿದರು. "ಗೊತ್ತು ಕಣೋ. ಹೋಗು, ಮಲ್ಕೋ. ವಾಚ್ ನಾನ್ ತಗೊಂಡಿದೀನಿ."