ಮುಚ್ಚಳ ಇಲ್ಲದ ಮಾಡೆಲ್

ನನ್ನ ಕಾರು ಮೂರು ಲಕ್ಷ ಕಿಲೋಮೀಟರ್ ಓಡಿದ್ದು. ಇಂಥ ಹಿರಿಯರನ್ನು ಕೆಟ್ಟ ಮೇಲೆ ರಿಪೇರಿ ಮಾಡುದಲ್ಲ, ಕೆಡುವ ಮೊದಲೇ ಮಾಡಬೇಕು. ಇದು ನನ್ನ ಸಿದ್ಧಾಂತ. ರಾಶಿ ವಿಡಿಯೋ ನೋಡಿ ಕಂಡುಕೊಂಡದ್ದು.

ಈ ಸಿದ್ಧಾಂತಕ್ಕೆ ಪರೀಕ್ಷೆಯ ದಿನ ಬಂತು. ಊರಲ್ಲಿ ನನಗೆ ನೋಡಿದ ಹುಡುಗಿ ಅಶ್ವಿನಿ. ಫೋನಲ್ಲೇ ಮಾತಾಡಿ ಇಬ್ಬರಿಗೂ ಒಪ್ಪಿಗೆ ಆಗಿತ್ತು. ಬಾಕಿ ಇದ್ದದ್ದು ಅವಳ ಅಪ್ಪ ಸದಾನಂದ ಅಂಕಲ್ ಒಬ್ಬರೇ. ಅವರು ಇಲ್ಲಿ ಗಲ್ಫಿಗೆ, ಉಮ್ಮ್ ಸಲಾಲಿನ ದೊಡ್ಡ ಮಗಳ ಮನೆಗೆ ಬರುವವರಿದ್ರು. "ಹುಡುಗನನ್ನೂ ಒಮ್ಮೆ ನೋಡಿ ಹೇಳ್ತೇನೆ" ಅಂದಿದ್ರಂತೆ. ದೊಡ್ಡ ಅಳಿಯನಿಗೆ ಆ ದಿನ ಡ್ಯೂಟಿ. "ಏರ್‌ಪೋರ್ಟಿಂದ ನಾನೇ ಕರ್ಕೊಂಡು ಬರ್ತೇನೆ" ಅಂತ ಎದೆ ತಟ್ಟಿಕೊಂಡೆ.

ವಾರವಿಡೀ ಅಲ್ ವುಕೈರಿನ ನಮ್ಮ ಬಿಲ್ಡಿಂಗಿನ ಕೆಳಗೆ, ಕಾರಿನ ಅಡಿಯಲ್ಲೇ ನನ್ನ ವಾಸ. ಆಯಿಲ್ ಬದಲಾಯಿಸಿದೆ. ಇಂಜಿನ್ ತಣ್ಣಗಿಡುವ ಕೂಲಂಟ್ ಹೊಸದು ತುಂಬಿಸಿದೆ. ಬೆಲ್ಟನ್ನು ಬೆರಳಲ್ಲಿ ಒತ್ತಿ, ಡಾಕ್ಟರ ಹಾಗೆ "ಹ್ಞೂಂ" ಅಂದೆ.

ರೂಮ್‌ಮೇಟ್ ದಿನೇಶಣ್ಣ ಬಾಲ್ಕನಿಯಿಂದ ಬಗ್ಗಿದ್ರು. "ಎಂತ ಮಾರಾಯ, ಗ್ಯಾರೇಜಿಗೆ ಕೊಡು. ಒಂದೇ ದಿನದಲ್ಲಿ ಖಲಾಸ್."

"ಗ್ಯಾರೇಜಿನವರಿಗೆ ಕಾರಿನ ಮೇಲೆ ಪ್ರೀತಿ ಇರುದಿಲ್ಲ ದಿನೇಶಣ್ಣ."

"ಸ್ಪ್ಯಾನರ್ ಉಂಟಲ್ಲ."

"ನನ್ನತ್ರವೂ ಉಂಟು!" ಹೊಸ ಸೆಟ್ಟು, ಕೆಂಪು ಪೆಟ್ಟಿಗೆ.

ಹೊರಡುವ ಮುಂಚೆ, ಇಸ್ತ್ರಿ ಪ್ಯಾಂಟು ಹಾಕಿಕೊಂಡೇ, ಕೊನೆಯದಾಗಿ ಬಾನೆಟ್ ಎತ್ತಿದೆ. ರೇಡಿಯೇಟರಿನ ಮುಚ್ಚಳ ತೆಗೆದು ಇಣುಕಿದೆ. ಹಸಿರು ಕೂಲಂಟು, ಬಾಯಿವರೆಗೆ. ನೋಡ್ತಾ ನಿಂತುಬಿಟ್ಟೆ. ಅಷ್ಟರಲ್ಲಿ ಅಶ್ವಿನಿಯ ಫೋನು.

"ಅಪ್ಪ ಇಳಿದ್ರಂತೆ. ನೀವು ಎಲ್ಲಿದ್ದೀರಿ?"

"ಹತ್ರ ಬಂದೆ" ಅಂತ ಹೇಳಿ, ಬಾನೆಟ್ ಬಡಿದು ಓಡಿದೆ.

ಪ್ಲೇನಲ್ಲಿ ಚಳಿ ಅಂತ ಅಂಕಲ್ ಸ್ವೆಟರಲ್ಲೇ ಬಂದಿದ್ರು. ಹೊರಗೆ ಜುಲೈ ಮಧ್ಯಾಹ್ನ. ಕಾರಿನೊಳಗೆ ಕೂತವರು ಎಸಿಗೆ ಮುಖ ಕೊಟ್ಟು ಹೇಳಿದ್ರು, "ಹಳೇ ಕಾರಾದ್ರೂ ಚೆನ್ನಾಗಿ ಇಟ್ಕೊಂಡಿದ್ದೀರಿ."

"ಕೆಡುವ ಮೊದಲೇ ನೋಡಿಕೊಳ್ಬೇಕು ಅಂಕಲ್. ಕಾರಾಗಲಿ, ಸಂಸಾರವಾಗಲಿ."

ಅಂಕಲ್ ತಲೆದೂಗಿದ್ರು. ಮದುವೆ ಆಯ್ತು ಅಂದುಕೊಂಡೆ. ಟೆಂಪರೇಚರ್ ಮುಳ್ಳು ಏರತೊಡಗಿತು.

ಹೆದರಲಿಲ್ಲ. ವಿಡಿಯೋದಲ್ಲಿ ಇದಕ್ಕೂ ಉಪಾಯ ಇತ್ತು: ಹೀಟರ್ ಹಾಕಿದ್ರೆ ಇಂಜಿನ್ನಿನ ಬಿಸಿ ಒಳಗೆ ಬರ್ತದೆ, ಇಂಜಿನ್ ತಣ್ಣಗಾಗ್ತದೆ. ಎಸಿ ಆರಿಸಿ ಹೀಟರ್ ತಿರುಗಿಸಿದೆ. ಫುಲ್ಲು.

"ಇದೆಂತ, ಬಿಸಿ ಗಾಳಿ?"

"ಇಂಜಿನ್ನಿನ ಕಷ್ಟ ನಾವು ಸ್ವಲ್ಪ ಹಂಚಿಕೊಳ್ತಿದ್ದೇವೆ ಅಂಕಲ್."

ಅವರು ಸ್ವೆಟರ್ ಬಿಚ್ಚಿದ್ರು. ಆಮೇಲೆ ಅಂಗಿಯ ಗುಂಡಿ, ಮೇಲಿಂದ ಒಂದೊಂದೇ.

ಪೆಟ್ರೋಲ್ ಬಂಕು ಸಿಗುವಾಗ ಬಾನೆಟಿಂದ ಇಡ್ಲಿ ಪಾತ್ರೆಯ ಹಾಗೆ ಹಬೆ. ಹಬೆ ಇಳಿದ ಮೇಲೆ ಬಾನೆಟ್ ಎತ್ತಿದೆವು. ಅಂಕಲ್ ರೇಡಿಯೇಟರಿನ ಬಾಯಿ ನೋಡಿ ಕೇಳಿದ್ರು, "ಇದಕ್ಕೆ ಮುಚ್ಚಳ ಬೇಡ್ವಾ?"

"ಈ ಮಾಡೆಲಿಗೆ ಬರುದಿಲ್ಲ ಅಂಕಲ್" ಅಂದೆ. ದನಿಯಲ್ಲಿ ಇಂಜಿನಿಯರ್ ಗಾಂಭೀರ್ಯ.

"ಹೌದಾ. ಒಂದು ಕರ್ಚೀಫ್ ಕೊಡಿ, ಬೆವರು ಕಣ್ಣಿಗೆ ಇಳೀತಾ ಉಂಟು."

ತಕ್ಷಣ ಜೇಬಿಗೆ ಕೈ ಹಾಕಿದೆ. ಸಿಕ್ಕಿದ್ದನ್ನು ವಿನಯದಿಂದ ಅವರ ಅಂಗೈಗೆ ಇಟ್ಟೆ. ಮುಚ್ಚಳ.

ಅಂಕಲ್ ಅದನ್ನು ತಿರುಗಿಸಿ ತಿರುಗಿಸಿ ನೋಡಿದ್ರು. ಸ್ವೆಟರಿನ ತೋಳಲ್ಲಿ ಮುಖ ಒರೆಸಿಕೊಂಡ್ರು. ಇಂಜಿನ್ ಆರುವ ತನಕ ಕಾದು, ಅವರೇ ನೀರು ತುಂಬಿಸಿ, ಅವರೇ ಮುಚ್ಚಳ ಬಿಗಿದ್ರು. ಕಾರು ಉಮ್ಮ್ ಸಲಾಲ್ ತನಕ ಹೂವಿನ ಹಾಗೆ ಹೋಯ್ತು.

ಇಳಿಯುವಾಗ ಸೀಟಿನ ಹಿಂದಿದ್ದ ಕೆಂಪು ಪೆಟ್ಟಿಗೆ ತೋರಿಸಿದ್ರು. "ಮಗಳನ್ನು ಕೊಡ್ತೇನೆ. ನೀನು ಅದನ್ನು ನನಗೆ ಕೊಡು."

ಊರಿಗೆ ವಾಪಸ್ ಹೋಗುವಾಗ ಖರ್ಜೂರ ಕಮ್ಮಿ ಮಾಡಿ ಪೆಟ್ಟಿಗೆಯನ್ನೇ ಲಗೇಜಿಗೆ ಹಾಕಿದ್ರು. ನಮ್ಮ ಕಡೆ ವರದಕ್ಷಿಣೆ ಕೊಟ್ಟು ಮದುವೆಯಾದ ಮೊದಲ ಗಂಡು ನಾನೇ ಇರ್ಬೇಕು.

ಮಾವ ಆ ಸ್ಪ್ಯಾನರಲ್ಲಿ ಬಾವಿಯ ಪಂಪು ಬಿಚ್ಚಿ ಸರಿ ಮಾಡಿದ್ರಂತೆ. ಪಂಪು ಚೆನ್ನಾಗಿ ಓಡ್ತಾ ಉಂಟು. ಮುಚ್ಚಳ ಸಮೇತ.