ಸಬಲೋನಿ, ಅಬಲೋನಿ

ಎಲ್ಲ ತಾಪತ್ರಯಕ್ಕೂ ಮೂಲ ಸೂಚನಾಫಲಕದಲ್ಲಿ ಮೇಲಧಿಕಾರಿ ಅಂಟಿಸಿದ ಒಂದು ಚೀಟಿ. 'ನಮ್ಮಲ್ಲಿರುವ ಎರಡು ಅಬಲೋನಿ ಚಿಪ್ಪುಗಳೂ ಒಂದೇ ಪ್ರಭೇದದವೆಂದು ತಜ್ಞರು ಇಂದು ಹೇಳಿದರೆ ಒಂದು ಕಪಾಟು ಸಾಕು, ಒಬ್ಬ ಪಾಲಕ ಸಾಕು.'

ಅಬಲೋನಿ ಎಂದರೆ ಕಿವಿಯಾಕಾರದ ಚಿಪ್ಪು ಹೊತ್ತ ಕಡಲ ಬಸವನಹುಳು. ಸಂಗ್ರಹಾಲಯದ ಹಿಂದಿನ ಕೋಣೆಯಲ್ಲಿ ಅದರ ಎರಡು ಚಿಪ್ಪು, ಎರಡು ಕಪಾಟು, ಇಬ್ಬರು ಪಾಲಕರು. ಹತ್ತೊಂಬತ್ತು ವರ್ಷ ಒಂದೇ ಚಿಪ್ಪು ಒರೆಸಿ ಒರೆಸಿ ನಮ್ಮ ನಾಯಕನಿಗೆ ಚಿಪ್ಪಣ್ಣ ಎಂಬ ಹೆಸರೇ ನಿಂತಿತ್ತು. ಇನ್ನೊಬ್ಬ ಅವನ ಷಡ್ಡಕ. ನೌಕರಿಯಲ್ಲಿ ಒಂದು ವರ್ಷ ಹಿರಿಯ, ಜಂಬದಲ್ಲಿ ಒಂದು ಶತಮಾನ. ಒಬ್ಬನ ಕೆಲಸ ಹೋದರೆ ಅದು ಯಾರದೆಂದು ಇಬ್ಬರಿಗೂ ಗೊತ್ತು.

"ನೀನು ಕಾಯೋದು ಅಬಲೋನಿ, ಹೆಸರಲ್ಲೇ ಅಬಲ!" ಎಂದ ಷಡ್ಡಕ.

"ನೀವು ಕಾಯೋದೂ ಅದೇ ಅಲ್ವಾ ಭಾವ?"

"ನಂದು ಸಬಲೋನಿ ಕಣಯ್ಯಾ!"

ಚಿಪ್ಪಣ್ಣ ಹೆದರಲಿಲ್ಲ. ತನ್ನ ಚಿಪ್ಪಿನ ಬೆನ್ನ ಮೇಲೆ ಹೊಗೆಕೊಳವೆಗಳಂತೆ ಎದ್ದು ನಿಂತ ನಾಲ್ಕು ತೂತು. ಭಾವನದಕ್ಕೆ ಏಳು, ಎಲ್ಲ ಚಪ್ಪಟೆ. ಎರಡೂ ಬೇರೆ ಎನ್ನಲು ಇನ್ನೇನು ಸಾಕ್ಷಿ ಬೇಕು? ಎರಡೂ ಕಪಾಟು ತೆರೆದ. ಯಾವ ಚಿಪ್ಪಿನಲ್ಲೂ ಒಂದು ತೂತೂ ಇಲ್ಲ!

"ನಾನೇ ಮುಚ್ಚಿದ್ದು ಸಾರ್," ಎದೆಯುಬ್ಬಿಸಿದ ಕಪಾಟು ರಿಪೇರಿಗೆ ಬಂದಿದ್ದ ಬಡಗಿ. "ದೊಡ್ಡೋರು ಬರ್ತಿದಾರೆ, ತೂತು ಬಿದ್ದ ಮಾಲು ತೋರಿಸಿದ್ರೆ ಮರ್ಯಾದೆ ಉಳಿಯುತ್ತಾ? ಮರದ ಬಿರುಕಿಗೆ ಮೆತ್ತೋ ಪುಟ್ಟೀನೇ ಹನ್ನೊಂದಕ್ಕೂ ಮೆತ್ತಿದೀನಿ."

"ಅಯ್ಯೋ ಪುಣ್ಯಾತ್ಮ, ಅದು ಉಸಿರಾಡೋ ತೂತು!"

"ಸತ್ತು ಎಷ್ಟು ವರ್ಷ ಆಯ್ತು, ಇನ್ನೂ ಉಸಿರಾಟವಾ?"

ಚಿಪ್ಪಣ್ಣ ಪಿನ್ನು ಹಿಡಿದು ಕೂತ. ಭಾವನ ಏಳನ್ನೂ ತಾನೇ ಕೆರೆಯಬೇಕಾಯಿತು. ಭಾವನೋ ಕೈಕಟ್ಟಿ ನಿಂತು, ಮೂಗಿನಲ್ಲಿ ರೇಡಿಯೋ ದನಿ ಹೊರಡಿಸಿದ: "ಕೇಳುಗರೇ, ಆಟಗಾರ ಈಗ ಹತ್ತನೇ ತೂತಿನಲ್ಲಿದ್ದಾರೆ. ಬೆವರುತ್ತಿದ್ದಾರೆ..."

ಹನ್ನೊಂದನೆಯದರಲ್ಲಿ ಪಿನ್ನು ಮುರಿಯಿತು. ಚಿಪ್ಪಣ್ಣ ಬಾಯಿಟ್ಟು ಜೀವ ಬಿಟ್ಟು ಊದಿದ. ಪುಟ್ಟಿ ಸಿಡಿದು, ಆಗಷ್ಟೇ ಒಳಬಂದ ತಜ್ಞರ ಕನ್ನಡಕಕ್ಕೆ ಬಡಿಯಿತು.

ಅವರು ಕನ್ನಡಕ ಒರೆಸಿಕೊಂಡು ಭೂತಗನ್ನಡಿ ತೆಗೆದರು.

"ಸಾರ್, ಇವು ನೆಂಟರು, ಅಷ್ಟೇ," ಚಿಪ್ಪಣ್ಣ ಮುಂದೆ ಬಂದ. "ನಾವಿಬ್ರೂ ಅಕ್ಕತಂಗೀರನ್ನ ಮದುವೆ ಆಗಿದೀವಿ. ಹಾಗಂತ ನಾವು ಒಂದೇ ಪ್ರಾಣೀನಾ?"

"ಖಂಡಿತ ಅಲ್ಲ. ಇವೂ ಬೇರೆ ಬೇರೆ ಪ್ರಭೇದವೇ!"

ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಚಿಪ್ಪಣ್ಣ ಭಾವನನ್ನು ಮೇಲಿನಿಂದ ಕೆಳಗೆ ನೋಡಿದ.

"ಏಳು ತೂತಿನದು ತೀರದಲ್ಲೆಲ್ಲ ಕಾಲಿಗೆ ತೊಡರುತ್ತೆ, ಅದಿಲ್ಲೇ ಇರಲಿ," ತಜ್ಞರು ಮುಂದುವರಿಸಿದರು. "ಆದರೆ ಈ ನಾಲ್ಕು ತೂತಿನದು! ಜಗತ್ತಲ್ಲಿ ಎರಡೋ ಮೂರೋ ಉಳಿದಿರಬೇಕು. ಪುಟ್ಟಿ ಮೆತ್ತೋರ ಕೈಲಿ ಇದನ್ನ ಬಿಡೋದಾ?" ಹತ್ತಿಯಲ್ಲಿ ಸುತ್ತಿ, ದೊಡ್ಡ ಸಂಗ್ರಹಾಲಯಕ್ಕೆಂದು ತಮ್ಮ ಚೀಲಕ್ಕೇ ಇಳಿಸಿಕೊಂಡು ಹೊರಟರು.

ತಜ್ಞರ ಹಿಂದೆಯೇ ಬಂದಿದ್ದ ಮೇಲಧಿಕಾರಿ ಚಿಪ್ಪಣ್ಣನ ಬೆನ್ನು ತಟ್ಟಿದ. "ಗೆದ್ದುಬಿಟ್ರಲ್ಲ ಚಿಪ್ಪಣ್ಣ! ನಾಳೆಯಿಂದ ಬರೋದು ಬೇಡ. ಖಾಲಿ ಕಪಾಟು ಕಾಯೋಕೆ ಬೀಗ ಸಾಕು."

ಭಾವ ತನ್ನ ಸಬಲೋನಿಯನ್ನು ಒರೆಸತೊಡಗಿದ.

ಕೆಲಸ ಕಳೆದುಕೊಂಡ ಯಾರಿಗಾದರೂ ಕೊನೆಗೆ ಕೈಗೆ ಚಿಪ್ಪಾದರೂ ಬರುತ್ತದೆ. ಚಿಪ್ಪಣ್ಣನಿಗೆ ಅದೂ ದಕ್ಕಲಿಲ್ಲ.