ತಿದ್ದಪ್ಪ ಕೆಡಿಸಿದ ಕಂಪ್ಯೂಟರ್

ಬೆಳಿಗ್ಗೆ ಒಂಬತ್ತೂಕಾಲಿಗೆ ತಿದ್ದಪ್ಪ ತನ್ನ ಕಂಪ್ಯೂಟರನ್ನು ತಾನೇ ಕೈಯಾರೆ ಕೆಡಿಸಿದ.

ಅವನ ನಿಜವಾದ ಹೆಸರು ಬೇರೆ. ಮುದ್ರಣಾಲಯಗಳಿಗೆ ಪ್ರೂಫ್ ತಿದ್ದಿಕೊಡುವುದು ಅವನ ಕಸುಬು. ಕೆಳಗಿನ ಮನೆಯ ಓನರಮ್ಮ ಗೇಟಿಗೆ ತೂಗುಹಾಕಿದ್ದ ‘ಮನೆ ಭಾಡಿಗೆಗೆ ಇದೆ’ ಎಂಬ ಬೋರ್ಡನ್ನು, ಮನೆ ಕೇಳಲು ಬಂದ ದಿನವೇ ಜೇಬಿನಿಂದ ಪೆನ್ನು ತೆಗೆದು ತಿದ್ದಿದ್ದ. ಆವತ್ತು ಆಕೆ ಇಟ್ಟ ಹೆಸರು ಇದು. ವಯಸ್ಸು ನಲವತ್ತೊಂದು, ಒಂಟಿ ಜೀವ. ಇನ್ನೊಬ್ಬರ ತಪ್ಪು ಹುಡುಕುವುದರಲ್ಲೇ ಆಯುಷ್ಯ ಕಳೆದವನು ಬೇಕೆಂದೇ ಒಂದು ತಪ್ಪು ಮಾಡಿದ್ದು ಇದೇ ಮೊದಲು.

ಪ್ಲಗ್ ಕಿತ್ತ. ಡಬ್ಬದ ಪಕ್ಕದ ತಗಡನ್ನು ಬಿಚ್ಚಿದ. ಒಳಗೆ ಬಾಚಣಿಗೆಯ ಹಾಗೆ ನಿಂತಿದ್ದ ರ‍್ಯಾಮ್ ಎಂಬ ಹಸಿರು ಪಟ್ಟಿಯನ್ನು ಅಂಚು ಹಿಡಿದು ಎಳೆದು ಕನ್ನಡಕದ ಡಬ್ಬಿಯಲ್ಲಿ ಮಲಗಿಸಿದ. ಮತ್ತೆ ಸ್ವಿಚ್ ಹಾಕಿದರೆ ಕಂಪ್ಯೂಟರು ಹಾಲು ಸಿಗದ ಬೆಕ್ಕಿನ ಮರಿಯಂತೆ ಕೀಂ ಕೀಂ ಎಂದಿತು. ಪರದೆ ಕಪ್ಪಗೇ ಉಳಿಯಿತು. ತಿದ್ದಪ್ಪನ ಎದೆ ಹಗುರಾಯಿತು. ಫೋನ್ ಎತ್ತಿಕೊಂಡ.

“ಮೇಡಂ, ನಾನು, ಪ್ರೂಫ್ ತಿದ್ದೋನು. ಕಂಪ್ಯೂಟರ್ ಕೂಗ್ತಾ ಇದೆ.”

“ಎಷ್ಟು ಸಲ ಕೂಗುತ್ತೆ?”

“ನಿಲ್ಲಿಸೋದೇ ಇಲ್ಲ.”

“ಏನೂ ಮುಟ್ಬೇಡಿ. ಮೂರೂವರೆಗೆ ಬರ್ತೀನಿ.”

ಆ ಒಂದು ‘ಬರ್ತೀನಿ’ಗಾಗಿ ಅವನು ನಾಲ್ಕು ತಿಂಗಳು ಕಾದಿದ್ದ. ನಾಲ್ಕು ತಿಂಗಳ ಹಿಂದೆ ಕಂಪ್ಯೂಟರು ನಿಜವಾಗಿಯೇ ಕೆಟ್ಟಿತ್ತು. ಆಗ ಬಂದವಳು ರಿಪೇರಿ ಮೇಡಂ. ಗಣಿಗೆ ಇಳಿಯುವವರ ಹಾಗೆ ಹಣೆಗೊಂದು ದೀಪ ಕಟ್ಟಿಕೊಂಡು, ಮಾಡುವ ಒಂದೊಂದು ಕೆಲಸವನ್ನೂ ಪಾಠದಂತೆ ಹೇಳಿಕೊಳ್ಳುತ್ತಿದ್ದಳು. “ಮೊದಲು ಪ್ಲಗ್ ಕೀಳ್ಬೇಕು. ಆಮೇಲೆ ಈ ಬಟನ್ ಒತ್ತಿ ಹಿಡೀಬೇಕು, ಒಳಗೆ ಉಳಿದಿರೋ ಕರೆಂಟ್ ಹೋಗುತ್ತೆ. ಬರೀ ಕೈಲಿ ತಗಡು ಮುಟ್ಬೇಕು, ನಮ್ಮ ಮೈಯಲ್ಲಿರೋದೂ ಇಳಿಯುತ್ತೆ” ಎಂದು ಅವನ ಕೈ ಹಿಡಿದು ತಗಡಿನ ಮೇಲಿಟ್ಟಿದ್ದಳು. ಕಂಪ್ಯೂಟರಿನ ಕರೆಂಟು ಇಳಿಯಿತೇನೋ, ತಿದ್ದಪ್ಪನ ಮೈಯಲ್ಲಿದ್ದದ್ದು ಇನ್ನೂ ಇಳಿದಿರಲಿಲ್ಲ.

ಹೊರಡುವ ಮುಂಚೆ ಮೇಜಿನ ಮೇಲಿದ್ದ ಪ್ರೂಫಿನ ಹಾಳೆ ನೋಡಿ ಕೇಳಿದ್ದಳು. “ಈ ಗುರುತು ಏನು?”

“ಅಳಿಸಿ ಅಂತ.”

“ಇದು, ಕೆಳಗೆ ಚುಕ್ಕಿ ಇರೋದು?”

“ತಪ್ಪು ಅಂತ ಹೊಡೆದುಹಾಕಿದ್ದೆ. ಆಮೇಲೆ ನೋಡಿದ್ರೆ ಅದೇ ಸರಿ. ಇದ್ದ ಹಾಗೇ ಇರ್ಲಿ ಅಂತ.”

ಆಕೆ ಆ ಚುಕ್ಕಿಗಳನ್ನು ಸ್ವಲ್ಪ ಹೊತ್ತು ನೋಡಿ, “ಎಲ್ಲಾದಕ್ಕೂ ಇಂಥದೊಂದು ಗುರುತು ಇದ್ದಿದ್ರೆ” ಎಂದು ಚೀಲ ಹೆಗಲಿಗೇರಿಸಿ ಹೋಗಿದ್ದಳು.

ಅಷ್ಟೇ. ಆಮೇಲೆ ತಿದ್ದಪ್ಪ ಆಕೆಯ ಅಂಗಡಿಗೆ ಮೂರು ಸಲ ಹೋಗಿ ಮೂರು ಮೌಸ್ ತಂದ. ಪ್ರತಿ ಸಲವೂ ಅಂಗಡಿಯ ತುಂಬ ಜನ. ನಾಲ್ಕನೆಯದು ಕೇಳಿದರೆ ‘ಒಂದು ಬೆಕ್ಕು ಸಾಕಿ’ ಎಂದುಬಿಡುತ್ತಾಳೆಂಬ ಅಳುಕು. ಹಾಗಾಗಿ ಈ ದಾರಿ.

ಗಡ್ಡ ಹೆರೆದ. ಇಸ್ತ್ರಿ ಮಾಡಿದ ಅಂಗಿ ತೊಟ್ಟ. ಹರಿದ ಚಾದರವನ್ನು ಮಂಚದ ಕೆಳಗೆ ತುರುಕಿದ. ಈ ಸಡಗರದಲ್ಲಿ ಕೂಗುತ್ತಿದ್ದ ಕಂಪ್ಯೂಟರನ್ನು ಆರಿಸುವುದು ಮರೆತುಹೋಯಿತು. ಓನರಮ್ಮ ಮೆಟ್ಟಿಲು ಹತ್ತಿ ಬಂದಳು.

“ಏನಪ್ಪಾ ಇದು, ನಿನ್ನ ರೂಮಲ್ಲಿ ಯಾವುದೋ ಹಕ್ಕಿ ಜೀವ ಬಿಡ್ತಾ ಇದೆ?”

“ಕಂಪ್ಯೂಟರ್ ಅಮ್ಮಾ. ರಿಪೇರಿಯವರು ಬರ್ತಾರೆ.”

“ತಲೆ ಮೇಲೆ ರೇಡಿಯೊ ಅಣ್ಣ ಇರುವಾಗ ಹೊರಗಿನವರು ಯಾಕೆ?” ಎಂದವಳೇ ಮೇಲಿನ ಮನೆಗೆ ಕೇಳುವಂತೆ ಕೂಗಿದಳು.

ರೇಡಿಯೊ ಅಣ್ಣನಿಗೆ ಒಂದು ಕಾಲದಲ್ಲಿ ರೇಡಿಯೊ ರಿಪೇರಿ ಅಂಗಡಿ ಇತ್ತು. ಜನ ರೇಡಿಯೊ ಕೇಳುವುದು ಬಿಟ್ಟರು, ಅಂಗಡಿ ಮುಚ್ಚಿತು, ಅಣ್ಣನ ಬೆರಳು ಮಾತ್ರ ಸುಮ್ಮನಾಗಲಿಲ್ಲ. ಆರು ವರ್ಷಗಳಿಂದ ಆ ಕಟ್ಟಡದಲ್ಲಿ ಯಾವ ಮಿಕ್ಸಿಗೂ ಫ್ಯಾನಿಗೂ ನೆಮ್ಮದಿಯಾಗಿ ಕೆಡುವ ಅವಕಾಶ ಇರಲಿಲ್ಲ. ನಾಲ್ಕು ತಿಂಗಳ ಹಿಂದೆ ಕಂಪ್ಯೂಟರು ಕೆಟ್ಟಾಗ ಮಾತ್ರ ಅಣ್ಣ ಊರಲ್ಲಿರಲಿಲ್ಲ. ಎರಡೇ ನಿಮಿಷದಲ್ಲಿ ಉಪಕರಣದ ಪೆಟ್ಟಿಗೆ ಹಿಡಿದು, ಹೆರಿಗೆಗೆ ಬಂದ ಡಾಕ್ಟರಂತೆ ಒಳಗೆ ಬಂದ. ಪ್ಲಗ್ ಕಿತ್ತು, ತಗಡು ಬಿಚ್ಚಿ ಇಣುಕಿದ.

“ಇಲ್ಲಿ ಒಂದು ಪಟ್ಟಿ ಇರ್ಬೇಕಲ್ಲ. ಜಾಗ ಖಾಲಿ ಇದೆ.”

“ಕಳ್ಳ” ಎಂದಳು ಓನರಮ್ಮ. “ನಿನ್ನೆ ಗ್ಯಾಸಿನವನ ಜೊತೆ ಒಬ್ಬ ಬಂದಿದ್ದ. ಅವನ ನೋಟವೇ ಸರಿ ಇರ್ಲಿಲ್ಲ. ತಡಿ, ಪೊಲೀಸಿಗೆ ಹೇಳ್ತೀನಿ.”

ಪೊಲೀಸೆಂದೊಡನೆ ತಿದ್ದಪ್ಪ ಮೇಜಿಗೆ ಬೆನ್ನು ಮಾಡಿ ನಿಂತ. ಕೈ ಹಿಂದೆ ಮಾಡಿಕೊಂಡು ಕನ್ನಡಕದ ಡಬ್ಬಿ ತೆರೆದ, ಪಟ್ಟಿಯನ್ನು ಮೇಜಿನ ಕೆಳಕ್ಕೆ ಜಾರಿಸಿದ, ತಾನೇ ಬಗ್ಗಿ ಎತ್ತಿದ. “ಇಲ್ಲೇ ಬಿದ್ದಿದೆ ನೋಡಿ.”

ರೇಡಿಯೊ ಅಣ್ಣ ಪಟ್ಟಿಯನ್ನು ಬೆಳಕಿಗೆ ಹಿಡಿದ. “ತಾನಾಗೇ ಎದ್ದು ಹೊರಗೆ ಬಂತಾ? ಒಳಗೆ ಸೆಕೆ ಆಗಿರ್ಬೇಕು” ಎಂದು, ಪ್ರೂಫಿನ ಮೇಜಿನಿಂದ ರಬ್ಬರ್ ತೆಗೆದುಕೊಂಡು ಪಟ್ಟಿಯ ಚಿನ್ನದ ಬಣ್ಣದ ಹಲ್ಲುಗಳನ್ನು ಮೆಲ್ಲಗೆ ಉಜ್ಜಿ, ಎರಡೂ ತುದಿ ‘ಟಿಕ್’ ಎನ್ನುವವರೆಗೆ ಒತ್ತಿ ಕೂರಿಸಿದ. ಪರದೆ ಬೆಳಗಿತು. ಓನರಮ್ಮ ಚಪ್ಪಾಳೆ ತಟ್ಟಿದಳು. “ಆ ರಿಪೇರಿಯವರಿಗೆ ಬರೋದು ಬೇಡ ಅಂತ ಹೇಳಪ್ಪ.”

“ಹೇಳ್ತೀನಿ” ಎಂದ ತಿದ್ದಪ್ಪ. ಹೇಳಲಿಲ್ಲ.

ಅವರಿಬ್ಬರೂ ಹೋದ ಮೇಲೆ ಮತ್ತೆ ತಗಡು ಬಿಚ್ಚಿ, ಈ ಸಲ ಹಾರ್ಡ್ ಡಿಸ್ಕಿನ ವೈರನ್ನು ಸಡಿಲಿಸಿದ. ಹನ್ನೆರಡಕ್ಕೆ ರೇಡಿಯೊ ಅಣ್ಣ ‘ಹೇಗೆ ನಡೀತಿದೆ’ ಎಂದು ವಿಚಾರಿಸಲು ಬಂದ. ಆಪರೇಷನ್ ಮಾಡಿದವನು ರೋಗಿಯನ್ನು ನೋಡಲು ಬರುವುದು ಸಹಜವಷ್ಟೇ. ಕಪ್ಪು ಪರದೆ ಕಂಡು ಅಣ್ಣನ ಮುಖ ಅರಳಿತು. ಹತ್ತು ನಿಮಿಷದಲ್ಲಿ ವೈರು ಸಿಕ್ಕಿತು, ಕಂಪ್ಯೂಟರು ನಡೆಯಿತು. “ನಾನೇ ಸರಿಯಾಗಿ ನೋಡ್ಲಿಲ್ಲ, ಬೇಜಾರು ಮಾಡ್ಕೋಬೇಡಪ್ಪ” ಎಂದು ಕ್ಷಮೆ ಬೇರೆ ಕೇಳಿದ. ತಿದ್ದಪ್ಪನಿಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತು.

ಗಂಟೆ ಎರಡಾಯಿತು. ಕಂಪ್ಯೂಟರು ಗುಂಡುಕಲ್ಲಿನಂತೆ ಗಟ್ಟಿಮುಟ್ಟಾಗಿತ್ತು. ಬಂದವಳಿಗೆ ತೋರಿಸಲು ಏನೂ ಇಲ್ಲ. ಅವಸರದಲ್ಲಿ ಮೂರನೆಯ ಸಲ ತಗಡು ತೆಗೆದ ತಿದ್ದಪ್ಪ ಪ್ಲಗ್ ಕೀಳುವುದನ್ನೇ ಮರೆತ. ಬೆರಳಿನಿಂದ ಜಾರಿದ ಒಂದು ಸ್ಕ್ರೂ ನೇರವಾಗಿ ಒಳಗೆ ಬಿತ್ತು. ಟಪ್ ಎಂದಿತು. ನೀಲಿ ಕಿಡಿ ಹಾರಿತು. ಸುಟ್ಟ ವಾಸನೆ ಎದ್ದು ಎಲ್ಲವೂ ನಿಶ್ಶಬ್ದವಾಯಿತು.

ಆಗ ಅವನಿಗೆ ನೆನಪಾಯಿತು. ಮೂರು ವಾರ ಕೂತು ತಿದ್ದಿದ ದಪ್ಪ ನಿಘಂಟು ಅದರೊಳಗೇ ಇದೆ, ನಾಳೆ ಮುದ್ರಣಾಲಯಕ್ಕೆ ಕೊಡಬೇಕು. ಮಂಚದ ಮೇಲೆ ಕುಳಿತ. ಹಾಗೆ ಕುಳಿತಾಗಲೂ ಎದೆಯ ಒಂದು ಮೂಲೆ, ‘ಈಗ ಆಕೆ ಬೇಗ ಹೋಗುವ ಹಾಗಿಲ್ಲ’ ಎಂದು ಲೆಕ್ಕ ಹಾಕುತ್ತಿತ್ತು.

ಆದರೆ ವಾಸನೆ ಮೊದಲು ಮುಟ್ಟಿದ್ದು ಮೇಲಿನ ಮನೆಯನ್ನು.

ರೇಡಿಯೊ ಅಣ್ಣ ಪೆಟ್ಟಿಗೆ ಹಿಡಿದು ಓಡಿ ಬಂದ. ಪ್ಲಗ್ ಕಿತ್ತು, ಬಟನ್ ಒತ್ತಿ ಹಿಡಿದು, ತಗಡು ಮುಟ್ಟಿ, ಬಿದ್ದ ಸ್ಕ್ರೂವನ್ನು ಇಕ್ಕಳದಿಂದ ಎತ್ತಿದ. ಮೀಟರ್ ಹಿಡಿದು ಒಂದೊಂದೇ ಭಾಗವನ್ನು ಪರೀಕ್ಷಿಸಿ, “ಒಳಕ್ಕೆ ಕರೆಂಟ್ ಕೊಡೋ ಪವರ್ ಸಪ್ಲೈ ಸತ್ತಿದೆ. ಉಳಿದದ್ದು ಬದುಕಿದೆ ಅನ್ಸುತ್ತೆ” ಎಂದ. ಯಾರೋ ಎಸೆದಿದ್ದ ಕಂಪ್ಯೂಟರಿನಿಂದ ತೆಗೆದಿಟ್ಟಿದ್ದ ಒಂದು ಪವರ್ ಸಪ್ಲೈ ಮೇಲಿನಿಂದ ತಂದ. ಅದನ್ನು ಹೊರಗೇ ಇಟ್ಟು ಪರೀಕ್ಷೆ ಮಾಡಿ, ಆಮೇಲೆ ಒಳಗೆ ಕೂರಿಸಿ, ನಾಲ್ಕು ಸ್ಕ್ರೂ ಬಿಗಿದು, ಜಡೆ ಹೆಣೆದ ಹಾಗೆ ವೈರುಗಳನ್ನು ದಾರದಿಂದ ಕಟ್ಟಿದ. ಸ್ವಿಚ್ ಹಾಕಿದಾಗ ನಿಘಂಟು ‘ಅ’ದಿಂದ ‘ಳ’ದವರೆಗೆ ಹಾಗೇ ಇತ್ತು. ತಿದ್ದಪ್ಪನಿಗೆ ಅಳು ಬಂತು. ಯಾತಕ್ಕೆಂದು ಅವನೂ ಹೇಳಲಾರ.

ಬಾಗಿಲಲ್ಲಿ ರಿಪೇರಿ ಮೇಡಂ ನಿಂತಿದ್ದಳು.

“ಕೂಗ್ತಾ ಇದೆ ಅಂದ್ರಿ. ಚೆನ್ನಾಗೇ ಇದೆಯಲ್ಲ.”

ತಿದ್ದಪ್ಪ ಬಾಯಿ ತೆರೆಯುವ ಮೊದಲೇ, ಆಕೆಯ ಹಿಂದೆಯೇ ಮೆಟ್ಟಿಲು ಹತ್ತಿ ಬಂದ ಓನರಮ್ಮ ಬೆಳಗಿನ ಕಥೆಯನ್ನೆಲ್ಲ ಹೇಳಿ ಮುಗಿಸಿದಳು. ಮೇಡಂ ಬಗ್ಗಿ, ಹಣೆಯ ದೀಪ ಹಚ್ಚಿ ಒಳಗೆ ನೋಡಿದಳು. ನೋಡುತ್ತಲೇ ಇದ್ದಳು.

“ಈ ವೈರ್ ಕಟ್ಟಿದ್ದು ಯಾರು?”

“ನಾನೇ ತಾಯಿ” ಎಂದ ರೇಡಿಯೊ ಅಣ್ಣ, ಬೈಸಿಕೊಳ್ಳಲು ತಯಾರಾದವನಂತೆ.

“ನನ್ನ ಅಂಗಡಿ ನೋಡ್ಕೋತೀರಾ ಅಣ್ಣಾ?”

ಅಣ್ಣನ ಕೈಲಿದ್ದ ಇಕ್ಕಳ ಪೆಟ್ಟಿಗೆಗೆ ಬಿತ್ತು. ಆರು ವರ್ಷಗಳಿಂದ ಯಾರೂ ಅವನನ್ನು ಕೆಲಸಕ್ಕೆ ಕರೆದಿರಲಿಲ್ಲ. “ನೋಡ್ಕೋತೀನಿ ತಾಯಿ” ಎಂದ. ಆಕೆ ತಿದ್ದಪ್ಪನ ಕಡೆ ತಿರುಗಿದಳು. “ದೂರದ ಕಾಲೇಜಲ್ಲಿ ಹುಡುಗಿಯರಿಗೆ ಈ ಕೆಲಸ ಕಲಿಸೋಕೆ ಕರೀತಿದಾರೆ. ರೈಲಲ್ಲಿ ಒಂದು ದಿನದ ದಾರಿ. ಇವತ್ತು ಸಂಜೆಯೊಳಗೆ ಹೇಳ್ಬೇಕು. ಅಪ್ಪ ಕಟ್ಟಿದ ಅಂಗಡಿ, ಯಾರ್ಯಾರ ಕೈಗೋ ಕೊಡೋಕೆ ಮನಸ್ಸಿಲ್ಲ. ಬೇಡ ಅಂದ್ಬಿಡೋಣ ಅಂತಾನೇ ಇದ್ದೆ. ನಿಮ್ಮ ಕಂಪ್ಯೂಟರ್ ಇವತ್ತೇ ಕೆಡ್ಬೇಕಾ ನೋಡಿ.”

ತಿದ್ದಪ್ಪ ತಲೆಯಾಡಿಸಿದ.

ಆಕೆ ಹಣೆಯ ದೀಪ ಆರಿಸಿದಳು. ಚೀಲದ ಪಟ್ಟಿಯನ್ನು ಸುಮ್ಮನೆ ಒಮ್ಮೆ ಸರಿಮಾಡಿಕೊಂಡಳು. “ಇನ್ನು ಈ ಊರು ಬಿಡೋಕೆ ನನಗೆ ಅಡ್ಡಿ ಏನೂ ಇಲ್ಲ, ಅಲ್ವಾ?”

ಆ ವಾಕ್ಯದಲ್ಲಿ ಎಲ್ಲೋ ಒಂದು ತಪ್ಪಿದೆ ಎಂದು ಅವನಿಗೆ ಖಂಡಿತ ಗೊತ್ತಿತ್ತು. ಇಪ್ಪತ್ತು ವರ್ಷದ ಕಸುಬು. ಎಲ್ಲಿ ಗುರುತು ಹಾಕಬೇಕೆಂದೇ ತಿಳಿಯದೆ, ಓನರಮ್ಮನ ಮುಖ ನೋಡಿದ, ರೇಡಿಯೊ ಅಣ್ಣನ ಒದ್ದೆಯಾದ ಕಣ್ಣು ನೋಡಿದ.

“ಇಲ್ಲ” ಎಂದ.

“ಸರಿ ಹಾಗಾದ್ರೆ” ಎಂದು ಆಕೆ ಮೆಟ್ಟಿಲಿಳಿದಳು. ಎರಡು ಮೆಟ್ಟಿಲು ಇಳಿದು ನಿಂತು, “ಏನಾದ್ರೂ ಕೆಟ್ರೆ ಅಂಗಡಿಗೆ ಫೋನ್ ಮಾಡಿ. ಅಣ್ಣ ಬರ್ತಾರೆ” ಎಂದಳು.

ರೇಡಿಯೊ ಅಣ್ಣ ಕಣ್ಣೊರೆಸಿಕೊಂಡು ತಿದ್ದಪ್ಪನ ಹೆಗಲ ಮೇಲೆ ಕೈಯಿಟ್ಟ. “ನಿನ್ನ ಉಪಕಾರ ಸಾಯೋ ತನಕ ಮರೆಯಲ್ಲಪ್ಪ. ಫೋನ್ ಯಾಕೆ, ದಿನಾ ಬೆಳಿಗ್ಗೆ ಅಂಗಡಿಗೆ ಹೋಗೋ ಮುಂಚೆ ನಾನೇ ಬಂದು ನೋಡಿ ಹೋಗ್ತೀನಿ. ಇನ್ನು ಹತ್ತು ವರ್ಷ ಇದು ಕೆಡೋಕೆ ನಾನು ಬಿಟ್ರೆ ಕೇಳು.”